ತೂಕದ ಪಟ್ಟಿ ಫಾರ್ವರ್ಡ್ ಮಾಡುವ ಮುನ್ನ: ಬಿಎಂಐ ಹಿಂದಿನ ಕೆಟೆಲೆ ಯಾರು?

ಈ ಪಟ್ಟಿ ನಿಮ್ಮ ಫೋನಿಗೂ ಬಂದಿರುತ್ತದೆ. ಎಡಗಡೆ ಮಗುವಿನ ವಯಸ್ಸು, ಬಲಗಡೆ ಇರಬೇಕಾದ ತೂಕ. ಒಂದು ವರ್ಷಕ್ಕೆ 10 ಕೆಜಿ, ಎರಡು ವರ್ಷಕ್ಕೆ 12, ಮೂರಕ್ಕೆ 14. ಕೆಳಗೆ ಎಲ್ಲ ತಾಯಂದಿರಿಗೂ ತಲುಪಿಸಿ ಎಂಬ ಕೋರಿಕೆ, ಜೊತೆಗೆ ಕೈಮುಗಿದ ಚಿಹ್ನೆ. ಪಟ್ಟಿ ಯಾರು ಮಾಡಿದ್ದು, ಯಾವ ಮಕ್ಕಳನ್ನು ತೂಗಿ ಮಾಡಿದ್ದು ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ.

ಇದರಿಂದ ಏನು ಹಾನಿ ಎನ್ನುವವರಿಗಾಗಿ ಎರಡು ಮನೆಗಳನ್ನು ಕಲ್ಪಿಸಿಕೊಳ್ಳೋಣ. ಒಂದು ವಿಜಯಪುರ ನಗರದಲ್ಲಿ. ಹೆಣ್ಣುಮಗುವಿಗೆ ಒಂದು ವರ್ಷ ತುಂಬಿದೆ, ತೂಕ 8 ಕೆಜಿ 400 ಗ್ರಾಂ. ಆಡುತ್ತದೆ, ಗೋಡೆ ಹಿಡಿದು ನಡೆಯುತ್ತದೆ, ಹುಟ್ಟಿದಾಗಿನಿಂದ ತನ್ನದೇ ವೇಗದಲ್ಲಿ ಬೆಳೆಯುತ್ತ ಬಂದಿದೆ. ಮನೆಯ ಗ್ರೂಪಿನಲ್ಲಿ ಪಟ್ಟಿ ಬಂತು. ಅತ್ತೆಗೆ ಗಾಬರಿ, ಒಂದೂವರೆ ಕೆಜಿಗೂ ಹೆಚ್ಚು ಕಡಿಮೆ ಇದೆಯಲ್ಲ ಎಂದು. ಸಂಜೆಯೊಳಗೆ ಸೊಸೆಯ ಹಾಲಿನಲ್ಲೇ ಶಕ್ತಿ ಇಲ್ಲ ಎಂದು ತೀರ್ಮಾನವಾಗಿ, ಮೆಡಿಕಲ್ ಅಂಗಡಿಯಿಂದ ದುಬಾರಿ ಡಬ್ಬಿ ಪುಡಿ ಬಂದಿತು. ಆ ಮಗುವಿಗೆ ಏನೂ ಕೊರತೆ ಇರಲಿಲ್ಲ.

ಎರಡನೆಯ ಮನೆ ಬಬಲೇಶ್ವರದ ಕಡೆ. ಗಂಡುಮಗು, ಒಂದು ವರ್ಷಕ್ಕೆ 10 ಕೆಜಿ 100 ಗ್ರಾಂ. ಪಟ್ಟಿಯ ಪ್ರಕಾರ ಪಾಸು, ಎಲ್ಲರಿಗೂ ಸಮಾಧಾನ. ಆದರೆ ಈ ಮಗು ಒಂಬತ್ತನೆಯ ತಿಂಗಳಲ್ಲೇ 10 ಕೆಜಿ ಇತ್ತು. ಮೂರು ತಿಂಗಳಿಂದ ಪದೇ ಪದೇ ಭೇದಿ, ಊಟ ಬೇಡ ಎನ್ನುವುದು, ತೂಕ ನಿಂತಲ್ಲೇ ನಿಂತಿದೆ. ಡಾಕ್ಟರ ಹತ್ತಿರ ಹೋಗಬೇಕಾಗಿದ್ದುದು ಈ ಮಗು. ಪಟ್ಟಿ ಅದನ್ನು ಮನೆಯಲ್ಲೇ ಉಳಿಸಿತು.

ಮನೆಗಳು ಕಾಲ್ಪನಿಕ. ತಪ್ಪು ಮಾತ್ರ ನಿಜ, ಮತ್ತು ಹಳೆಯದು. ಅದರ ಬೇರು ಹುಡುಕುತ್ತ ಹೋದರೆ ಸಿಗುವವರು ಸುಮಾರು 230 ವರ್ಷದ ಹಿಂದೆ ಹುಟ್ಟಿದ, ಎಂದೂ ವೈದ್ಯರಾಗಿರದ ಒಬ್ಬ ಖಗೋಳಶಾಸ್ತ್ರಜ್ಞರು: ಬೆಲ್ಜಿಯಂನ ಅಡಾಲ್ಫ್ ಕೆಟೆಲೆ. ಇಂಟರ್ನೆಟ್‌ನಲ್ಲಿ ಕ್ವೆಟ್ಲೆಟ್ ಎಂದೂ ಬರೆದಿರುತ್ತಾರೆ. ಜಿಮ್‌ನಿಂದ ಆಸ್ಪತ್ರೆಯವರೆಗೆ ಎಲ್ಲರ ಬಾಯಲ್ಲಿರುವ ಬಿಎಂಐ ಲೆಕ್ಕ ಇವರದೇ. ಮಗುವಿನ ಬೆಳವಣಿಗೆಯನ್ನು ಅಳೆಯುವ ವಿದ್ಯೆಗೆ ಇವರಿಂದ ಆದ ಉಪಕಾರ ಬಹಳ. ಪಟ್ಟಿಯ ಭ್ರಮೆ ಶುರುವಾದದ್ದರಲ್ಲೂ ಇವರ ಪಾಲಿದೆ.

ಮೂರು ರಾಜ್ಯ ಕಂಡ ಹುಡುಗ

ಕೆಟೆಲೆ ಹುಟ್ಟಿದ್ದು 1796ರ ಫೆಬ್ರವರಿ 22ರಂದು, ಗೆಂಟ್ ಎಂಬ ಊರಿನಲ್ಲಿ. ಆಗ ಆ ಊರು ಫ್ರಾನ್ಸ್ ಆಳ್ವಿಕೆಯಲ್ಲಿತ್ತು. ಅವರಿಗೆ ಹತ್ತೊಂಬತ್ತು ವರ್ಷವಾಗುವಾಗ ನೆದರ್ಲೆಂಡ್ಸ್‌ಗೆ ಸೇರಿತು, ಮೂವತ್ತನಾಲ್ಕಾಗುವಾಗ ಬೆಲ್ಜಿಯಂ ಎಂಬ ಹೊಸ ದೇಶವೇ ಆಯಿತು. ತಂದೆ ತೀರಿಕೊಂಡಾಗ ಹುಡುಗನಿಗೆ ಏಳು ವರ್ಷ. ಹದಿನೇಳಕ್ಕೆಲ್ಲ ಪಾಠ ಹೇಳಿ ಸಂಪಾದಿಸಲು ಶುರು ಮಾಡಬೇಕಾಯಿತು. ಚಿತ್ರ ಬರೆಯುತ್ತಿದ್ದರು, ಕವಿತೆ ಕಟ್ಟುತ್ತಿದ್ದರು, ಗೆಳೆಯನ ಜೊತೆ ಸೇರಿ ಸಂಗೀತ ನಾಟಕವನ್ನೂ ಬರೆದಿದ್ದರು. ಕೊನೆಗೆ ಗಣಿತ ಗೆದ್ದಿತು. 1819ರಲ್ಲಿ ಗೆಂಟ್ ವಿಶ್ವವಿದ್ಯಾಲಯದಿಂದ ವಿಜ್ಞಾನದಲ್ಲಿ ಮೊದಲ ಡಾಕ್ಟರೇಟ್ ಪಡೆದರು, ಅದೇ ವರ್ಷ ಬ್ರಸೆಲ್ಸ್‌ಗೆ ಮೇಷ್ಟ್ರಾಗಿ ಹೋದರು.

ಬ್ರಸೆಲ್ಸ್‌ನಲ್ಲಿ ಅವರಿಗೆ ಒಂದೇ ಹಟ, ಊರಿಗೆ ವೀಕ್ಷಣಾಲಯ ಬೇಕು ಎಂದು. ಸರ್ಕಾರ ಒಪ್ಪಿತು. ನಕ್ಷತ್ರ ನೋಡುವ ಉಪಕರಣಗಳ ಬಗ್ಗೆ ಕಲಿಯಲು 1823ರ ಕೊನೆಗೆ ಅವರನ್ನು ಪ್ಯಾರಿಸ್‌ಗೆ ಕಳಿಸಿತು. ಹೋದದ್ದು ದೂರದರ್ಶಕಕ್ಕಾಗಿ, ತಂದದ್ದು ಇನ್ನೊಂದನ್ನು. ಅಲ್ಲಿ ಲಾಪ್ಲಾಸ್, ಫೂರಿಯೆ ಅವರಂಥವರು ಸಂಭವನೀಯತೆಯ ಗಣಿತದಲ್ಲಿ ಮುಳುಗಿದ್ದರು.

ಖಗೋಳಶಾಸ್ತ್ರಜ್ಞರಿಗೆ ಆ ಗಣಿತ ಏಕೆ ಬೇಕಿತ್ತು ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಒಂದೇ ನಕ್ಷತ್ರದ ಸ್ಥಾನವನ್ನು ಹತ್ತು ಜನ ಅಳೆದರೆ ಹತ್ತು ಅಂಕಿ ಬರುತ್ತವೆ. ಒಬ್ಬನ ಕೈ ನಡುಗಿತು, ಇನ್ನೊಬ್ಬನ ಗಾಜು ಮಸುಕು. ಎಲ್ಲವನ್ನೂ ಕೂಡಿಸಿ ಭಾಗಿಸಿದರೆ ಸಿಗುವ ಸರಾಸರಿ ನಿಜವಾದ ಸ್ಥಾನಕ್ಕೆ ಹತ್ತಿರ ಇರುತ್ತದೆ, ಉಳಿದ ವ್ಯತ್ಯಾಸವೆಲ್ಲ ದೋಷ. ನಕ್ಷತ್ರದ ಮಟ್ಟಿಗೆ ಇದು ಸರಿಯೇ, ಏಕೆಂದರೆ ಅಲ್ಲಿರುವುದು ಒಂದೇ ನಕ್ಷತ್ರ. ಕೆಟೆಲೆ ಈ ಲೆಕ್ಕವನ್ನು ಮನುಷ್ಯರಿಗೂ ಹಚ್ಚಿ ನೋಡಲು ಹೊರಟರು. ಅವರ ಬದುಕಿನ ದೊಡ್ಡ ಸಾಧನೆ ಇದೇ, ದೊಡ್ಡ ಎಡವಟ್ಟೂ ಇದೇ ಎನ್ನುವುದು ನಮ್ಮ ಅಭಿಪ್ರಾಯ.

ವೀಕ್ಷಣಾಲಯದ ಕೆಲಸ 1830ರ ಕ್ರಾಂತಿಯ ಗಲಾಟೆಯಲ್ಲಿ ಸಿಕ್ಕಿಕೊಂಡಿತು. ಕೆಟೆಲೆ ಸುಮ್ಮನೆ ಕೂರುವವರಲ್ಲ. ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸುವ, ಅಳೆಯುವ ಚಟ. ಲೈಲಾಕ್ ಗಿಡ ಯಾವ ದಿನ ಹೂ ಬಿಡುತ್ತದೆ, ಆಗಸ್ಟ್ ತಿಂಗಳಲ್ಲಿ ಉಲ್ಕೆಗಳು ಎಷ್ಟು ಬೀಳುತ್ತವೆ, ಊರಲ್ಲಿ ಮದುವೆ ಎಷ್ಟು, ಅಪರಾಧ ಎಷ್ಟು, ಎಲ್ಲದಕ್ಕೂ ಪಟ್ಟಿ. 1831ರ ಹೊತ್ತಿಗೆ ಅವರ ಕಣ್ಣು ಮಕ್ಕಳ ಮೇಲೆ ಬಿತ್ತು.

ತಕ್ಕಡಿಯಲ್ಲಿ ಬ್ರಸೆಲ್ಸ್‌ನ ಕೂಸುಗಳು

ಹುಟ್ಟಿದ ಕೂಸಿನ ತೂಕ ಸಾಮಾನ್ಯವಾಗಿ ಎಷ್ಟಿರುತ್ತದೆ ಎಂದು ಇಂದು ಯಾರನ್ನು ಕೇಳಿದರೂ ಮೂರು ಕೆಜಿ ಆಸುಪಾಸು ಎನ್ನುತ್ತಾರೆ. ಆ ಕಾಲದಲ್ಲಿ ಇದು ಅಷ್ಟು ಸುಲಭದ ಪ್ರಶ್ನೆಯಾಗಿರಲಿಲ್ಲ. ನೋಡಿ ಅಂದಾಜು ಹೇಳುವವರೇ ಹೆಚ್ಚು. ಕೆಟೆಲೆ ಬ್ರಸೆಲ್ಸ್‌ನ ಅನಾಥ ಶಿಶುಗಳ ಆಸ್ಪತ್ರೆಯಲ್ಲಿ ಈಗತಾನೆ ಹುಟ್ಟಿದ 50 ಗಂಡು, 50 ಹೆಣ್ಣುಕೂಸುಗಳ ಉದ್ದದ ಲೆಕ್ಕ ತೆಗೆದರು. ಗಂಡುಕೂಸು ಸರಾಸರಿ 50 ಸೆಂಟಿಮೀಟರ್, ಹೆಣ್ಣುಕೂಸು ಅದಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಕಡಿಮೆ. ತೂಕ ಗಂಡಿಗೆ 3.20 ಕೆಜಿ, ಹೆಣ್ಣಿಗೆ 2.91. ಇಂದಿನ ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟಿನಲ್ಲಿ ಹುಟ್ಟುವಾಗಿನ ನಡುಮಟ್ಟದ ತೂಕ ಗಂಡಿಗೆ 3.3, ಹೆಣ್ಣಿಗೆ 3.2 ಕೆಜಿ. ನೂರು ಕೂಸುಗಳಿಂದ ಇಷ್ಟು ಹತ್ತಿರ ಬಂದದ್ದು ಸಣ್ಣ ಮಾತಲ್ಲ.

ಇನ್ನೊಂದು ಸಂಗತಿಯೂ ಆ ಲೆಕ್ಕದಲ್ಲಿತ್ತು. ಕೂಸು ಹುಟ್ಟಿದ ಮೊದಲ ಕೆಲವು ದಿನ ತೂಕ ಇಳಿಯುತ್ತದೆ, ಆಮೇಲೆ ಏರುತ್ತದೆ. ಬಾಣಂತಿ ಮನೆಗಳಲ್ಲಿ ಇಂದಿಗೂ ಇದೇ ಕಾರಣಕ್ಕೆ ಕಣ್ಣೀರು ಹರಿಯುತ್ತದೆ. ಆಸ್ಪತ್ರೆಯಲ್ಲಿ 3 ಕೆಜಿ ಇದ್ದ ಕೂಸು ನಾಲ್ಕನೆಯ ದಿನ 2 ಕೆಜಿ 800 ಗ್ರಾಂ ಆದರೆ ದೃಷ್ಟಿಯಾಯಿತು ಎಂದು ಒಬ್ಬರು, ಹಾಲು ಬರುತ್ತಿಲ್ಲ ಎಂದು ಇನ್ನೊಬ್ಬರು. ಮೈಯಲ್ಲಿದ್ದ ಹೆಚ್ಚುವರಿ ನೀರು, ಮೊದಲ ಕಪ್ಪು ಮಲ ಹೊರಹೋಗಿ ಹುಟ್ಟುತೂಕದಲ್ಲಿ ಶೇ. 10ರೊಳಗೆ ಇಳಿಯುವುದು ಸಹಜ. ಎರಡು ವಾರದೊಳಗೆ ಹೆಚ್ಚಿನ ಕೂಸುಗಳು ಹುಟ್ಟುತೂಕಕ್ಕೆ ಮರಳುತ್ತವೆ. ಹಾಗೆ ಮರಳದಿದ್ದರೆ, ಅಥವಾ ಶೇ. 10ಕ್ಕಿಂತ ಹೆಚ್ಚು ಇಳಿದರೆ ಮಾತ್ರ ಡಾಕ್ಟರಿಗೆ ತೋರಿಸಬೇಕು.

ಕೂಸಿನಿಂದ ಮುದುಕರವರೆಗೆ ಬೇರೆ ಬೇರೆ ವಯಸ್ಸಿನವರ ತೂಕ, ಎತ್ತರ ಸೇರಿಸಿದ ಮೇಲೆ ಕೆಟೆಲೆ ಕೇಳಿಕೊಂಡ ಪ್ರಶ್ನೆ: ಎತ್ತರಕ್ಕೂ ತೂಕಕ್ಕೂ ಏನು ಸಂಬಂಧ? ಬೆಲ್ಲದ ಅಚ್ಚನ್ನು ನೆನಪಿಸಿಕೊಳ್ಳಿ. ಉದ್ದ, ಅಗಲ, ಎತ್ತರ ಮೂರನ್ನೂ ಎರಡು ಪಟ್ಟು ಮಾಡಿದರೆ ಬೆಲ್ಲ ಎಂಟು ಪಟ್ಟು ಹಿಡಿಸುತ್ತದೆ. ಮನುಷ್ಯನೂ ಎಲ್ಲ ದಿಕ್ಕಿಗೂ ಒಂದೇ ಸಮ ಬೆಳೆದಿದ್ದರೆ ತೂಕ ಎತ್ತರದ ಘನಕ್ಕೆ ತಕ್ಕಂತೆ ಏರಬೇಕು. ಹಾಗಾಗುವುದಿಲ್ಲ. ನಾವು ಅಗಲಕ್ಕಿಂತ ಉದ್ದಕ್ಕೆ ಹೆಚ್ಚು ಬೆಳೆಯುತ್ತೇವೆ. ಪೂರ್ತಿ ಬೆಳೆದ ದೊಡ್ಡವರಲ್ಲಿ ತೂಕ ಎತ್ತರದ ವರ್ಗಕ್ಕೆ ತಕ್ಕಂತೆ ಇರುತ್ತದೆ ಎಂದು ಅವರು ಕಂಡುಕೊಂಡರು. ತೂಕವನ್ನು ಎತ್ತರದಿಂದ ಎರಡು ಸಲ ಭಾಗಿಸುವ ಇಂದಿನ ಬಿಎಂಐ ಸೂತ್ರ ಇದರಿಂದಲೇ ಬಂದದ್ದು.

ಬಿಎಂಐ ಬಗ್ಗೆ ಫಾರ್ವರ್ಡ್ ಮಾಡುವವರು ಬಿಟ್ಟುಬಿಡುವ ಭಾಗ ಮುಂದಿದೆ. ಹುಟ್ಟಿದ ಮೊದಲ ವರ್ಷದಲ್ಲಿ ಈ ವರ್ಗದ ನಿಯಮ ನಡೆಯುವುದಿಲ್ಲ, ಆಗ ಕೂಸು ಹೆಚ್ಚುಕಡಿಮೆ ಘನದ ಲೆಕ್ಕದಲ್ಲೇ ಮೈ ತುಂಬಿಕೊಳ್ಳುತ್ತದೆ, ಹರೆಯ ಬಂದಾಗ ಮತ್ತೆ ಲೆಕ್ಕ ಬದಲಾಗುತ್ತದೆ ಎಂದು ಕೆಟೆಲೆಯವರೇ ಬರೆದಿಟ್ಟಿದ್ದರು. ನೀವೇ ಪರೀಕ್ಷಿಸಬಹುದು. ಗಂಡುಮಗು ಹುಟ್ಟುವಾಗ 50 ಸೆಂಟಿಮೀಟರ್, ವರ್ಷಕ್ಕೆ ಸುಮಾರು 75. ಅಂದರೆ ಒಂದೂವರೆ ಪಟ್ಟು. ವರ್ಗದ ಪ್ರಕಾರ ತೂಕ 2.25 ಪಟ್ಟು ಆಗಬೇಕು, ಘನದ ಪ್ರಕಾರ 3.4 ಪಟ್ಟು. ನಿಜವಾಗಿ ಆಗುವುದು ಸುಮಾರು ಮೂರು ಪಟ್ಟು. ಅದೇ ಮಗು ಐದು ವರ್ಷಕ್ಕೆ 110 ಸೆಂಟಿಮೀಟರ್ ಆಗುವಾಗ ತೂಕ ವರ್ಷದ ಮಗುವಿನ ಎರಡು ಪಟ್ಟಿಗೂ ಸ್ವಲ್ಪ ಕಡಿಮೆ. ಈಗ ವರ್ಗದ ಲೆಕ್ಕ ಹತ್ತಿರ ಬರುತ್ತದೆ. ವರ್ಷದ ಗುಂಡುಗುಂಡಾದ ಮಗು ನಾಲ್ಕೈದು ವರ್ಷಕ್ಕೆ ತೆಳ್ಳಗೆ ಕಾಣುವುದು ಇದಕ್ಕೇ. ಮಗು ಬಡಕಲಾಗಿಲ್ಲ, ಉದ್ದವಾಗುತ್ತಿದೆ.

ಸರಾಸರಿ ಮನುಷ್ಯ ಎಂಬ ವಿಗ್ರಹ

1835ರಲ್ಲಿ ಕೆಟೆಲೆ ಇದೆಲ್ಲವನ್ನೂ ಸೇರಿಸಿ ಮನುಷ್ಯನ ಕುರಿತು ಎರಡು ಸಂಪುಟಗಳ ಪುಸ್ತಕ ತಂದರು. ಯುರೋಪಿನಲ್ಲಿ ಹೆಸರಾಯಿತು. ಮುಂದೆ ವಿಕ್ಟೋರಿಯಾ ರಾಣಿಯ ಗಂಡನಾದ ಆಲ್ಬರ್ಟ್ ಹುಡುಗನಾಗಿದ್ದಾಗ ಇವರ ಶಿಷ್ಯ. ಫ್ಲಾರೆನ್ಸ್ ನೈಟಿಂಗೇಲ್ ಇವರ ಪುಸ್ತಕ ಓದಿ, ಪುಟದ ಅಂಚಿನಲ್ಲೆಲ್ಲ ಟಿಪ್ಪಣಿ ಬರೆದುಕೊಂಡವರು. 1853ರಲ್ಲಿ ಬ್ರಸೆಲ್ಸ್‌ನಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮಾವೇಶದ ಹಿಂದೆಯೂ ಇವರೇ.

ಆ ಪುಸ್ತಕದಲ್ಲಿ ಸರಾಸರಿ ಮನುಷ್ಯ ಎಂಬ ಪಾತ್ರವೊಂದು ಹುಟ್ಟಿತು. ಸಾವಿರಾರು ಜನರ ಅಳತೆಗಳ ನಡುವಿನ ಒಂದು ಕಲ್ಪಿತ ವ್ಯಕ್ತಿ. ಒಂದು ಸಮಾಜವನ್ನು ಇನ್ನೊಂದರ ಜೊತೆ ಹೋಲಿಸಲು ಇದು ಒಳ್ಳೆಯ ಸಾಧನವೇ. ಮ್ಯಾಂಚೆಸ್ಟರ್ ಮತ್ತು ಸ್ಟಾಕ್‌ಪೋರ್ಟ್‌ನ ಗಿರಣಿಗಳಲ್ಲಿ ದುಡಿಯುತ್ತಿದ್ದ ಮಕ್ಕಳ ಅಳತೆಗಳನ್ನೂ ಕೆಟೆಲೆ ತಮ್ಮ ಪುಸ್ತಕದಲ್ಲಿ ಸೇರಿಸಿದ್ದರು. ಮಗುವಿನ ಎತ್ತರವನ್ನು ದೇವರ ಇಚ್ಛೆ ಎಂದು ಬಿಡದೆ, ಊಟ, ದುಡಿಮೆ, ಬಡತನಗಳ ಜೊತೆ ಇಟ್ಟು ನೋಡುವ ದಾರಿ ಆ ಕಾಲದಲ್ಲೇ ತೆರೆಯಿತು.

ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ನಕ್ಷತ್ರದ ಲೆಕ್ಕದಂತೆ ಇಲ್ಲಿಯೂ ಸರಾಸರಿಯೇ ನಿಜ, ಅದರಿಂದ ದೂರವಿದ್ದದ್ದು ಪ್ರಕೃತಿಯ ತಪ್ಪು ಎಂಬಂತೆ ಕೆಟೆಲೆ ಯೋಚಿಸತೊಡಗಿದರು. ಸರಾಸರಿ ಮನುಷ್ಯನೇ ಸೌಂದರ್ಯದ, ಆರೋಗ್ಯದ ಮಾದರಿಯಾದ. ನಿಮ್ಮ ಮನೆಯ ಐದು ಜನರ ಚಪ್ಪಲಿಯ ಅಳತೆ ಕೂಡಿಸಿ, ಐದರಿಂದ ಭಾಗಿಸಿ, ಬಂದ ಅಳತೆಯ ಐದು ಜೊತೆ ಚಪ್ಪಲಿ ತಂದು ನೋಡಿ. ಅಜ್ಜನಿಗೆ ಬಿಗಿ, ಮೊಮ್ಮಗಳಿಗೆ ಸಡಿಲ. ತಪ್ಪು ಪಾದಗಳದ್ದಲ್ಲ. ನಕ್ಷತ್ರ ಒಂದೇ ಇತ್ತು, ಮಕ್ಕಳು ಹಾಗಲ್ಲ.

ಒಂದು ವರ್ಷದ ಹೆಣ್ಣುಮಗುವಿಗೆ ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟಿನ ನಡುಗೆರೆ 8.9 ಕೆಜಿ. ಆದರೆ 7 ಕೆಜಿಯಿಂದ 11.5 ಕೆಜಿವರೆಗೂ ಆ ಚಾರ್ಟಿನ ಸಾಮಾನ್ಯ ಹರವಿನೊಳಗೇ ಬರುತ್ತದೆ. ಗಂಡುಮಗುವಿಗೆ ನಡುಗೆರೆ 9.6, ಹರವು 7.7ರಿಂದ 12. ಫಾರ್ವರ್ಡ್ ಪಟ್ಟಿಯ 10 ಕೆಜಿ ಬಂದದ್ದು ವಯಸ್ಸಿಗೆ ನಾಲ್ಕು ಕೂಡಿಸಿ ಎರಡರಿಂದ ಗುಣಿಸುವ ಹಳೆಯ ಶಾರ್ಟ್‌ಕಟ್ ಲೆಕ್ಕದಿಂದ. ತೂಗಲು ಆಗದಿದ್ದಾಗ ಅಂದಾಜಿಗೆ ಬಳಸುತ್ತಿದ್ದ ಲೆಕ್ಕವದು. ಮಗುವಿಗೆ ಗುರಿ ಇಡಲು ಮಾಡಿದ್ದಲ್ಲ. ಹರವು ಬಿಟ್ಟು ನಡುವಿನ ಒಂದು ಅಂಕಿ ಮಾತ್ರ ಕೊಟ್ಟರೆ, ನಡುಗೆರೆಯ ಕೆಳಗಿರುವ ಅರ್ಧದಷ್ಟು ಆರೋಗ್ಯವಂತ ಮಕ್ಕಳೂ ಫೇಲಾಗುತ್ತಾರೆ.

ಅದೇ ಪಟ್ಟಿ ಹತ್ತು ಗ್ರೂಪುಗಳಲ್ಲಿ ಬಂದಿದೆ, ಸುಳ್ಳಾಗಿರಲಿಕ್ಕಿಲ್ಲ ಎನ್ನುವವರಿಗೆ ನಮ್ಮದೊಂದು ಉತ್ತರವಿದೆ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ನಿಂತು ಒಂದು ಸಲ ಚಪ್ಪಾಳೆ ತಟ್ಟಿ ನೋಡಿ. ಹಲವು ಸಲ ಕೇಳಿಸುತ್ತದೆ, ತಟ್ಟಿದವರು ನೀವೊಬ್ಬರೇ.

ಒಬ್ಬನೇ ಮಗನನ್ನು ಅಳೆದ ಅಪ್ಪ

ಕೆಟೆಲೆಯ ಲೆಕ್ಕದಲ್ಲಿ ಇನ್ನೊಂದು ಕೊರತೆ ಇತ್ತು, ಇದು ನಮಗೆ ಹೆಚ್ಚು ಮುಖ್ಯ. ಅವರು ಐದು ವರ್ಷದ ಕೆಲವು ಮಕ್ಕಳನ್ನು ಅಳೆದರು, ಆರು ವರ್ಷದ ಬೇರೆ ಕೆಲವರನ್ನು, ಏಳು ವರ್ಷದ ಮತ್ತೆ ಬೇರೆಯವರನ್ನು. ಆ ಬಿಂದುಗಳನ್ನು ಗಣಿತ ಸೂತ್ರದಿಂದ ಜೋಡಿಸಿ ನುಣುಪಾದ ಗೆರೆ ಎಳೆದರು. ಹಾಗೆ ಮಾಡಿದ್ದರಿಂದ ಹರೆಯದಲ್ಲಿ ಎತ್ತರ ದಿಢೀರನೆ ಜಿಗಿಯುವುದು ಅವರ ಗೆರೆಯಲ್ಲಿ ಕಾಣಿಸಲೇ ಇಲ್ಲ. ಹನ್ನೆರಡರಿಂದ ಹದಿನಾರರ ನಡುವೆ ಒಬ್ಬೊಬ್ಬ ಹುಡುಗ ಒಂದೊಂದು ವಯಸ್ಸಿಗೆ ಜಿಗಿಯುತ್ತಾನೆ. ಸರಾಸರಿ ತೆಗೆದರೆ ಎಲ್ಲರ ಜಿಗಿತವೂ ಒಂದರಲ್ಲಿ ಒಂದು ಕರಗಿ ಚಪ್ಪಟೆಯಾಗುತ್ತದೆ.

ತಮಾಷೆ ಎಂದರೆ ಆ ಜಿಗಿತವನ್ನು ಅಷ್ಟರಲ್ಲಾಗಲೇ ಒಬ್ಬರು ಅಳೆದು ಬರೆದಿಟ್ಟಿದ್ದರು. ಫ್ರಾನ್ಸಿನ ಗೆನೊ ದ ಮೋಂಬೆಯಾರ್ ಎಂಬವರು 1759ರಲ್ಲಿ ಹುಟ್ಟಿದ ತಮ್ಮ ಮಗನ ಎತ್ತರವನ್ನು ಸುಮಾರು ಆರಾರು ತಿಂಗಳಿಗೊಮ್ಮೆ ಹದಿನೆಂಟು ವರ್ಷ ಅಳೆದರು. ಅವರ ಗೆಳೆಯ, ಹೆಸರಾಂತ ಪ್ರಕೃತಿ ವಿಜ್ಞಾನಿ ಬುಫೋನ್ ಆ ಅಂಕಿಗಳನ್ನು ತಮ್ಮ ಗ್ರಂಥದಲ್ಲಿ ಅಚ್ಚು ಹಾಕಿಸಿದರು. ಒಂದೇ ಮಗು, ಆದರೆ ಅದೇ ಮಗು, ಮತ್ತೆ ಮತ್ತೆ. ಮೊದಲ ವರ್ಷಗಳ ಓಟ, ನಡುವಿನ ನಿಧಾನ, ಹರೆಯದ ಜಿಗಿತ ಎಲ್ಲವೂ ಅಲ್ಲಿ ಸ್ಪಷ್ಟ. ಸಾವಿರ ಮಕ್ಕಳನ್ನು ಒಂದು ಸಲ ಅಳೆದರೆ ಊರಿನ ಸ್ಥಿತಿ ತಿಳಿಯುತ್ತದೆ. ನಿಮ್ಮ ಮಗುವಿನ ಸ್ಥಿತಿ ತಿಳಿಯಲು ನಿಮ್ಮ ಮಗುವನ್ನೇ ಹಲವು ಸಲ ಅಳೆಯಬೇಕು.

1855ರಲ್ಲಿ ಕೆಟೆಲೆಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು, ನೆನಪಿನ ಶಕ್ತಿ ಮೊದಲಿನಂತಾಗಲಿಲ್ಲ. ಆದರೂ ಬಿಡಲಿಲ್ಲ. 1870ರ ಸುಮಾರಿಗೆ ಮಾನವ ದೇಹದ ಅಳತೆಗಳ ಮೇಲೆ ಇನ್ನೊಂದು ದೊಡ್ಡ ಪುಸ್ತಕ ತಂದರು. ವೀಕ್ಷಣಾಲಯದ ಕೆಲಸದಲ್ಲಿ ಮಗ ಅರ್ನೆಸ್ಟ್ ಜೊತೆಗಿದ್ದರು. 1874ರ ಫೆಬ್ರವರಿ 17ರಂದು, 78 ತುಂಬಲು ಐದು ದಿನ ಬಾಕಿ ಇರುವಾಗ, ಬ್ರಸೆಲ್ಸ್‌ನಲ್ಲಿ ತೀರಿಕೊಂಡರು.

ಅವರ ನಂತರ ದೇಹ ಅಳೆಯುವ ವಿದ್ಯೆ ಒಳ್ಳೆಯ ಕೈಗೂ ಹೋಯಿತು, ಕೆಟ್ಟ ಕೈಗೂ. ನಮ್ಮ ದೇಶದಲ್ಲೇ ಬ್ರಿಟಿಷ್ ಅಧಿಕಾರಿ ರಿಸ್ಲಿ ಮೂಗಿನ ಅಳತೆ ಹಿಡಿದು ಜಾತಿಗಳಿಗೆ ಮೇಲು ಕೀಳು ಹಚ್ಚಲು ಹೊರಟಿದ್ದರು. ಅದಕ್ಕೆ ವಿಜ್ಞಾನದ ಆಧಾರವಿಲ್ಲ ಎಂಬುದು ಈಗ ಗೊತ್ತಿರುವ ಮಾತು.

ದೊಡ್ಡವರ ಬಿಎಂಐ, ಮಕ್ಕಳ ಮೇಲೆ

ಕೆಟೆಲೆ ತಮ್ಮ ಸೂತ್ರವನ್ನು ಬೊಜ್ಜು ಅಳೆಯಲು ಮಾಡಿರಲಿಲ್ಲ. ಅವರು ಸತ್ತು ಸುಮಾರು ನೂರು ವರ್ಷದ ಮೇಲೆ, 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಐದು ದೇಶಗಳ ವಯಸ್ಕ ಗಂಡಸರ ಮೇಲೆ ಹಲವು ಸೂತ್ರಗಳನ್ನು ಹೋಲಿಸಿ, ಇದೇ ಅನುಕೂಲ ಎಂದು ಬಾಡಿ ಮಾಸ್ ಇಂಡೆಕ್ಸ್ ಎಂಬ ಹೆಸರಿಟ್ಟರು. ವಯಸ್ಕ ಗಂಡಸರು ಎಂಬುದನ್ನು ಗಮನಿಸಿ.

ಈಗ ಫೋನಿನ ಬಿಎಂಐ ಆ್ಯಪ್‌ನಲ್ಲಿ ಐದು ವರ್ಷದ ಹುಡುಗನ ಅಳತೆ ಹಾಕೋಣ. 18 ಕೆಜಿ, 110 ಸೆಂಟಿಮೀಟರ್. ಉತ್ತರ 14.9. ದೊಡ್ಡವರ ಲೆಕ್ಕದಲ್ಲಿ 18.5ಕ್ಕಿಂತ ಕಡಿಮೆ ಇದ್ದರೆ ತೂಕ ಕಡಿಮೆ, 16ಕ್ಕಿಂತ ಕಡಿಮೆ ಇದ್ದರೆ ತೀವ್ರ ಕೊರತೆ. ಆ್ಯಪ್ ಕೆಂಪು ಬಣ್ಣ ತೋರಿಸುತ್ತದೆ. ಆದರೆ ಐದು ವರ್ಷದ ಹುಡುಗನಿಗೆ 15ರ ಆಸುಪಾಸೇ ನಡುಮಟ್ಟ, ಆ ಮಗು ಚೆನ್ನಾಗಿದೆ. ಮಕ್ಕಳಿಗೂ ಬಿಎಂಐ ಬಳಸುತ್ತಾರೆ, ಇಲ್ಲವೆಂದಲ್ಲ. ಆದರೆ ವಯಸ್ಸು ಮತ್ತು ಗಂಡು ಹೆಣ್ಣಿಗೆ ತಕ್ಕ ಚಾರ್ಟಿನ ಮೇಲಿಟ್ಟೇ ಓದಬೇಕು. ಐದರಿಂದ ಹದಿನೆಂಟು ವರ್ಷದವರಿಗೆ ಭಾರತೀಯ ಮಕ್ಕಳ ತಜ್ಞರ ಸಂಘ 2015ರಲ್ಲಿ ಹೊರತಂದ ಚಾರ್ಟುಗಳಿವೆ.

ನಮ್ಮ ತಳಿಯೇ ಗಿಡ್ಡ ಎಂಬ ಮಾತು

ಐದು ವರ್ಷದೊಳಗಿನ ಮಕ್ಕಳಿಗೆ ಈಗ ಅಂಗನವಾಡಿಗಳಲ್ಲಿ ಬಳಸುವುದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಮಾನದಂಡ. ಕೆಟೆಲೆ ಮತ್ತು ಮೋಂಬೆಯಾರ್ ಇಬ್ಬರ ದಾರಿಯೂ ಅದರಲ್ಲಿ ಸೇರಿದೆ ಎನ್ನಬಹುದು. 1997ರಿಂದ 2003ರವರೆಗೆ ಆರು ದೇಶಗಳ ಸುಮಾರು 8,500 ಮಕ್ಕಳನ್ನು ಅಳೆದರು. ಕೆಲವು ಮಕ್ಕಳನ್ನು ಹುಟ್ಟಿನಿಂದ ಎರಡು ವರ್ಷದವರೆಗೆ ಬಿಡದೆ ಹಿಂಬಾಲಿಸಿದರು. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ, ಮತ್ತು ನಮ್ಮ ದಕ್ಷಿಣ ದೆಹಲಿ. ಎದೆಹಾಲು ಕುಡಿದ, ತಾಯಿ ಬೀಡಿ ಸಿಗರೇಟು ಸೇದದ, ಆರೋಗ್ಯಕ್ಕೆ ದೊಡ್ಡ ತೊಡಕಿಲ್ಲದ ಮನೆಗಳ ಮಕ್ಕಳನ್ನೇ ಆರಿಸಿದ್ದರು.

ಬಂದ ಫಲಿತಾಂಶ ಹಲವರನ್ನು ಬೆರಗುಗೊಳಿಸಿತು. ಮಕ್ಕಳ ಉದ್ದದಲ್ಲಿ ಕಂಡ ಒಟ್ಟು ವ್ಯತ್ಯಾಸದಲ್ಲಿ ದೇಶದಿಂದ ದೇಶಕ್ಕೆ ಇದ್ದದ್ದು ಶೇ. 3ರಷ್ಟು ಮಾತ್ರ. ಶೇ. 70ರಷ್ಟು ಒಂದೇ ಊರಿನ ಮಗುವಿನಿಂದ ಮಗುವಿಗೆ. ಚೆನ್ನಾಗಿ ಉಣಿಸಿ, ಕಾಯಿಲೆಯಿಂದ ಕಾಪಾಡಿದರೆ ದೆಹಲಿಯ ಮಗುವೂ ನಾರ್ವೆಯ ಮಗುವೂ ಮೊದಲ ವರ್ಷಗಳಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತವೆ.

ನಮ್ಮಲ್ಲಿ ಅಪ್ಪ ಗಿಡ್ಡ, ಅಜ್ಜ ಗಿಡ್ಡ, ಹೀಗಾಗಿ ಮಗುವೂ ಗಿಡ್ಡ ಎಂದು ಕೈಬಿಡುವುದು ರೂಢಿ. ಅಪ್ಪ ಅಮ್ಮನ ಎತ್ತರಕ್ಕೆ ಪಾಲಿದೆ, ನಿಜ. ಆದರೆ 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಎಲ್ಲವೂ ಚೆನ್ನಾಗಿರುವ ಸಮಾಜದಲ್ಲಿ ಈ ಸಂಖ್ಯೆ ನೂರಕ್ಕೆ ಎರಡು ಮೂರು ಇರಬೇಕು. ಉಳಿದ ಮೂವತ್ತನ್ನು ತಳಿಯ ತಲೆಗೆ ಕಟ್ಟಲಾಗದು. ತಾಯಿಯ ಬಸಿರಿನ ಊಟ, ಆರು ತಿಂಗಳ ನಂತರ ಮಗುವಿಗೆ ಕೊಡುವ ಮೆತ್ತನೆಯ ಊಟ, ಕುಡಿಯುವ ನೀರು, ಮರಳಿ ಮರಳಿ ಬರುವ ಭೇದಿ ಇದರಲ್ಲಿ ಸೇರಿವೆ. ಮಲಗಿದ ಮಗುವನ್ನು ಯಾರೋ ದಾಟಿದ್ದು ಸೇರಿಲ್ಲ. ದಾಟಿದರೆ ಬೆಳವಣಿಗೆ ನಿಲ್ಲುತ್ತದೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ಕಾಲು ತಾಗಿ ಪೆಟ್ಟಾದೀತು ಎಂಬ ಕಾಳಜಿಗಾದರೆ ದಾಟದಿರುವುದೇ ಒಳ್ಳೆಯದು.

ತಿಕೋಟಾದ ಅಂಗನವಾಡಿಯಲ್ಲಾದರೂ, ನಗರದ ಆಸ್ಪತ್ರೆಯಲ್ಲಾದರೂ

ಕೆಲವು ಮನೆಗಳಲ್ಲಿ ಮಗುವನ್ನು ತೂಗಿದರೆ ಸೊರಗುತ್ತದೆ ಎಂಬ ಹೆದರಿಕೆ ಇದೆ. ಅದೇ ಮನೆಯವರು ಹರಕೆ ಹೊತ್ತು ದೇವರ ಮುಂದೆ ಮಗುವಿಗೆ ಬೆಲ್ಲದಲ್ಲೋ ಸಕ್ಕರೆಯಲ್ಲೋ ತುಲಾಭಾರ ಮಾಡಿಸುತ್ತಾರೆ. ಅಲ್ಲಿ ಆಗದ ದೃಷ್ಟಿ ಅಂಗನವಾಡಿಯ ತಕ್ಕಡಿಯಲ್ಲಿ ಏಕೆ ಆದೀತು?

ತೂಗುವಾಗ ದಪ್ಪ ಸ್ವೆಟರ್, ಬೂಟು, ಕಾಲಂದಿಗೆ ತೆಗೆಯಿರಿ. ಮಗುವನ್ನು ಇಡುವ ಮೊದಲು ಮುಳ್ಳು ಸೊನ್ನೆಯಲ್ಲಿದೆಯೇ ನೋಡಿ. ಸಾಧ್ಯವಾದಷ್ಟೂ ಅದೇ ತಕ್ಕಡಿ ಇರಲಿ. ಮನೆಯ ತಕ್ಕಡಿಗೂ ಆಸ್ಪತ್ರೆಯದಕ್ಕೂ ಕಾಲು ಕೆಜಿ ವ್ಯತ್ಯಾಸ ಬಂದು ಜಗಳವಾಗುವುದುಂಟು.

ಎತ್ತರದ್ದು ಇನ್ನೂ ಸೂಕ್ಷ್ಮ. ಎರಡು ವರ್ಷದೊಳಗಿನ ಮಗುವನ್ನು ಹಲಗೆಯ ಮೇಲೆ ಮಲಗಿಸಿ ಅಳೆಯಬೇಕು, ಒಬ್ಬರು ತಲೆ ಹಿಡಿದು, ಇನ್ನೊಬ್ಬರು ಮೊಣಕಾಲು ಮೆಲ್ಲಗೆ ಒತ್ತಿ. ಎರಡು ವರ್ಷದ ಮೇಲೆ ನಿಲ್ಲಿಸಿ. ಮಲಗಿಸಿದಾಗ ಸುಮಾರು 0.7 ಸೆಂಟಿಮೀಟರ್ ಹೆಚ್ಚು ಬರುತ್ತದೆ. ಮೊದಲು ಮಲಗಿಸಿ, ಮುಂದಿನ ಸಲ ನಿಲ್ಲಿಸಿ ಅಳೆದರೆ ಮಗು ಗಿಡ್ಡವಾದಂತೆ ಕಂಡೀತು. ಹಾಸಿಗೆಯ ಮೇಲೆ ಹೊಲಿಗೆಯ ಟೇಪು ಹಿಡಿದು ಅಳೆದದ್ದು ಲೆಕ್ಕಕ್ಕಿಲ್ಲ. ಆರು ತಿಂಗಳಿಂದ ಐದು ವರ್ಷದವರಿಗೆ ತೋಳಿನ ಪಟ್ಟಿಯೂ ಇದೆ. ತೋಳಿನ ನಡುವಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ, ಆಗ ಕಾಯುವಂತಿಲ್ಲ. ಅಂಥ ಮಕ್ಕಳಿಗೆಂದೇ ಜಿಲ್ಲಾ ಆಸ್ಪತ್ರೆಗಳಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ, ಎನ್‌ಆರ್‌ಸಿ ಎಂದು ಕರೆಯುತ್ತಾರೆ.

ಬಸಿರಿನಲ್ಲಿ ಕೊಟ್ಟ ತಾಯಿ ಕಾರ್ಡ್ ಎಲ್ಲಿದೆ, ಹುಡುಕಿ ತೆಗೆಯಿರಿ. ಲಸಿಕೆಯ ಪುಟದ ಜೊತೆಗೆ ಅದರಲ್ಲಿ ಬೆಳವಣಿಗೆಯ ಚಾರ್ಟ್ ಇರುತ್ತದೆ. ಹಸಿರು, ಹಳದಿ, ಕಿತ್ತಳೆ ಪಟ್ಟೆಗಳು, ಗಂಡಿಗೊಂದು ಹೆಣ್ಣಿಗೊಂದು. ಹೆಚ್ಚಿನ ಮನೆಗಳಲ್ಲಿ ಲಸಿಕೆಯ ಪುಟಕ್ಕೆ ಇರುವ ಮರ್ಯಾದೆ ಈ ಪುಟಕ್ಕಿಲ್ಲ. ತಿಂಗಳ ತೂಕ ಅದರಲ್ಲಿ ಚುಕ್ಕಿಯಾಗಬೇಕು, ಚುಕ್ಕಿಗಳು ಸೇರಿ ಗೆರೆಯಾಗಬೇಕು. ಗೆರೆ ಹಸಿರಿನ ಕೆಳಭಾಗದಲ್ಲಿದ್ದರೂ ಪಟ್ಟೆಯ ಜೊತೆಜೊತೆಗೆ ಮೇಲಕ್ಕೆ ಹೋಗುತ್ತಿದ್ದರೆ ಸರಿ. ನಾವು ಮೊದಲು ಹೇಳಿದ 8 ಕೆಜಿ 400 ಗ್ರಾಂನ ಹುಡುಗಿಯದು ಅಂಥ ಗೆರೆ. ಬಬಲೇಶ್ವರದ ಕಡೆಯ ಹುಡುಗನದು ಹಸಿರಿನ ನಡುವೆಯೇ ಇದೆ, ಆದರೆ ಮೂರು ತಿಂಗಳಿಂದ ಅಡ್ಡ ಮಲಗಿದೆ. ಅಡ್ಡವಾದ ಗೆರೆಯನ್ನೂ ಇಳಿಯುವ ಗೆರೆಯನ್ನೂ ಅದೇ ವಾರ ಡಾಕ್ಟರಿಗೆ ತೋರಿಸಿ, ಬಣ್ಣ ಯಾವುದೇ ಇರಲಿ.

ದುಡಿಯಲು ಗೋವಾಕ್ಕೋ ಮಹಾರಾಷ್ಟ್ರಕ್ಕೋ ತಿಂಗಳುಗಟ್ಟಲೆ ಹೋಗುವ ಮನೆಯವರು ಈ ಕಾರ್ಡನ್ನು ಆಧಾರ್ ಜೊತೆಗೇ ಕಟ್ಟಿಕೊಂಡು ಹೋಗಿ. ಹೋದ ಊರಿನ ಅಂಗನವಾಡಿಯಲ್ಲೂ ತೂಗಿಸಬಹುದು, ಚುಕ್ಕಿ ಇಡಲು ಭಾಷೆ ಬೇಕಿಲ್ಲ. ಕಾರ್ಡ್ ಕಳೆದಿದ್ದರೆ ನಿಮ್ಮ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ. ತೂಗಿಸಿದ ತಿಂಗಳುಗಳ ಅಂಕಿಗಳು ಅವರ ಫೋನಿನ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ದಾಖಲಾಗಿರುತ್ತವೆ.